ರೆಪ್ಪೆಯ ದೋಷ, ದೃಷ್ಟಿಯ ಹಕ್ಕು

ಹುಟ್ಟಿದ ಕೂಸಿನ ರೆಪ್ಪೆಗಳು ಅರ್ಧಕ್ಕೇ ಇಳಿದು, ಕಣ್ಣಿನ ಸೀಳು ಕಿರಿದಾಗಿ ತೋರಿದಾಗ, ಅಕ್ಕಲಕೋಟೆಯ ವಾಡೆಯಲ್ಲಾಗಲಿ ಸೊಲ್ಲಾಪುರದ ಚಾಳಿನಲ್ಲಾಗಲಿ ಬಂಧುಜನರು ಸಾಮಾನ್ಯವಾಗಿ ಕೇಳತಕ್ಕ ಪ್ರಶ್ನೆಗಳು ಎರಡು: ಇದು ಯಾರ ಕಡೆಯಿಂದ ಬಂತು, ಮತ್ತು ದೊಡ್ಡದಾದ ಮೇಲೆ ತಾನಾಗಿಯೇ ಸರಿಹೋದೀತೆ? ಮೊದಲನೆಯದು ತಾಯಿಯ ಮನಸ್ಸನ್ನು ನೋಯಿಸುತ್ತದೆ; ಎರಡನೆಯದು ಮಗುವಿನ ಅಮೂಲ್ಯವಾದ ಕಾಲವನ್ನು ಹರಣಮಾಡುತ್ತದೆ. ಈ ಮಗುವಿಗೆ ಕಾನೂನು ಏನೇನನ್ನು ಕೊಟ್ಟಿದೆ, ಅದನ್ನು ಯಾರಿಂದ, ಯಾವ ಕ್ರಮದಲ್ಲಿ ಪಡೆಯಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಅವುಗಳಲ್ಲಿ ಕ್ರಮವೆಂಬುದೇ ಅತ್ಯಂತ ಮುಖ್ಯವಾದುದು. ಏಕೆಂದರೆ ಇಲ್ಲಿ ಚಿಕಿತ್ಸೆಯ ಹಕ್ಕು ಮೊದಲು ಪಕ್ವವಾಗುತ್ತದೆ, ಪ್ರಮಾಣಪತ್ರದ ಹಕ್ಕು ಅನಂತರ.

ದೋಷದ ಸ್ವರೂಪ

ವೈದ್ಯರು ಬ್ಲೆಫರೋಫೈಮೋಸಿಸ್ ಎಂದು ಕರೆಯುವ ಈ ಆನುವಂಶಿಕ ಸ್ಥಿತಿಯಲ್ಲಿ ನಾಲ್ಕು ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ: ಕಣ್ಣಿನ ಸೀಳು ಅಡ್ಡಳತೆಯಲ್ಲಿ ಕಿರಿದಾಗಿರುವುದು, ಮೇಲ್ರೆಪ್ಪೆ ಇಳಿಬಿದ್ದಿರುವುದು, ಕೆಳರೆಪ್ಪೆಯಿಂದ ಮೇಲಕ್ಕೇರಿದ ಚರ್ಮದ ಮಡಿಕೆಯೊಂದು ಮೂಗಿನ ಕಡೆಯ ಮೂಲೆಯನ್ನು ಮರೆಮಾಡಿರುವುದು, ಎರಡು ಕಣ್ಣುಗಳ ಒಳಮೂಲೆಗಳ ನಡುವಣ ಅಂತರ ಹೆಚ್ಚಿರುವುದು. ಮೂರನೆಯ ವರ್ಣತಂತುವಿನ ಮೇಲಿನ ಫಾಕ್ಸ್‌ಎಲ್-2 ಎಂಬ ಜೀನಿನ ವ್ಯತ್ಯಾಸ ಇದಕ್ಕೆ ಕಾರಣವೆಂಬುದು 2001ರಲ್ಲಿ ತಿಳಿದುಬಂದಿತು. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ಸ್ಥಿತಿ ಇದ್ದರೆ ಪ್ರತಿಯೊಂದು ಮಗುವಿಗೂ ಅದು ಇಳಿದುಬರುವ ಸಂಭವ ಶೇ. 50ರಷ್ಟು; ಇಬ್ಬರಲ್ಲಿಯೂ ಇಲ್ಲದೆ ಮಗುವಿನಲ್ಲಿಯೇ ಹೊಸದಾಗಿ ತಲೆದೋರುವುದೂ ಉಂಟು. ಇದರ ಒಂದು ಪ್ರಕಾರದಲ್ಲಿ ಹೆಣ್ಣುಮಕ್ಕಳ ಅಂಡಾಶಯವು ಅಕಾಲದಲ್ಲಿ ನಿಷ್ಕ್ರಿಯವಾಗುವುದರಿಂದ, ತಳಿವಿಜ್ಞಾನ ಬಲ್ಲ ವೈದ್ಯರ ಸಲಹೆ ಮುಂದೆಂದಾದರೂ ಅವಶ್ಯವಾಗುತ್ತದೆ.

ಇಳಿದ ರೆಪ್ಪೆಯು ಪಾಪೆಯನ್ನು ಮುಚ್ಚುತ್ತಿದೆಯೇ ಎಂಬುದೇ ಸದ್ಯಕ್ಕೆ ನೋಡತಕ್ಕ ಸಂಗತಿ. ಮಿದುಳು ನೋಡಲು ಕಲಿಯುವುದು ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿ; ಆ ಅವಧಿಯಲ್ಲಿ ಕಣ್ಣಿಗೆ ಸ್ಪಷ್ಟವಾದ ಬಿಂಬ ದೊರೆಯದಿದ್ದರೆ ಮಿದುಳು ಆ ಕಣ್ಣನ್ನು ಉಪೇಕ್ಷಿಸುತ್ತದೆ, ಸೋಮಾರಿಗಣ್ಣು ಎಂಬ ಮಂದದೃಷ್ಟಿ ನೆಲೆಗೊಳ್ಳುತ್ತದೆ. ಆಮೇಲೆ ರೆಪ್ಪೆಯನ್ನೆತ್ತಿ ಹೊಲಿದರೆ ಮುಖ ಸುಧಾರಿಸೀತು, ಆದರೆ ಹದ ತಪ್ಪಿದ ಮೇಲೆ ಬಿತ್ತಿದ ಬಿಳಿಜೋಳದಂತೆ ದೃಷ್ಟಿಯ ಫಲ ಪೂರ್ಣವಾಗಿ ಕೈಗೆ ಬರುವುದಿಲ್ಲ. ಕಣ್ಣಿನ ಮೂಲೆಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರರಿಂದ ಐದನೆಯ ವಯಸ್ಸಿನೊಳಗೂ, ರೆಪ್ಪೆಯನ್ನೆತ್ತುವ ಶಸ್ತ್ರಚಿಕಿತ್ಸೆಯನ್ನು ಅದಾದ ಸುಮಾರು ಒಂದು ವರ್ಷಕ್ಕೂ ಮಾಡುವರು; ಪಾಪೆ ಮುಚ್ಚಿದ್ದರೆ ಅಷ್ಟು ಕಾಲ ಕಾಯುವಂತಿಲ್ಲ. ಕೂಸು ಗದ್ದವನ್ನೆತ್ತಿ, ಹುಬ್ಬನ್ನೇರಿಸಿ ನೋಡುತ್ತಿದ್ದರೆ ಅದು ನೋಡುವುದಕ್ಕಾಗಿ ಶ್ರಮಪಡುತ್ತಿದೆಯೆಂದೇ ತಿಳಿಯತಕ್ಕದ್ದು.

ಮೊದಲ ಕಾಗದಗಳು

ಎಲ್ಲ ಹಕ್ಕುಗಳ ದ್ವಾರ ಜನನ ಪ್ರಮಾಣಪತ್ರ. ಹೆರಿಗೆ ಎಲ್ಲಾಯಿತೋ ಅಲ್ಲಿಯೇ ಜನನದ ನೋಂದಣಿಯಾಗಬೇಕು. ಅಕ್ಕಲಕೋಟೆಯ ಸೊಸೆ ತವರಾದ ವಿಜಯಪುರದಲ್ಲಿ ಹಡೆದರೆ ಪತ್ರ ವಿಜಯಪುರದ್ದು. 21 ದಿನಗಳೊಳಗೆ ನೋಂದಣಿಗೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದೀಚೆಗೆ ಹುಟ್ಟಿದವರ ಜನ್ಮದಿನ ಹಾಗೂ ಜನ್ಮಸ್ಥಳಗಳಿಗೆ ಶಾಲಾಪ್ರವೇಶವೇ ಮೊದಲಾದ ಕಾರ್ಯಗಳಲ್ಲಿ ಈ ಪತ್ರವೇ ಪ್ರಮಾಣ. ಇದರ ಆಧಾರದಿಂದ ಮಗುವಿನ ಹೆಸರನ್ನು ತಡಮಾಡದೆ ರೇಶನ್ ಕಾರ್ಡಿಗೆ ಸೇರಿಸಬೇಕು. ತಹಸೀಲ ಕಚೇರಿಯಿಂದ ಆದಾಯದ ದಾಖಲೆಯನ್ನೂ ತೆಗೆದಿರಿಸಿಕೊಳ್ಳುವುದು ಲೇಸು. ಇಂಥ ದಾಖಲೆಗಳನ್ನು ಗೊತ್ತುಪಡಿಸಿದ ಅವಧಿಯಲ್ಲಿ ಕೊಡದಿದ್ದರೆ ಮೇಲ್ಮನವಿ ಸಲ್ಲಿಸುವ ಅಧಿಕಾರವನ್ನು ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾಯಿದೆಯು ಪ್ರಜೆಗಳಿಗೆ ದಯಪಾಲಿಸಿದೆ.

ಚಿಕಿತ್ಸೆಗೆ ಇರುವ ದಾರಿಗಳು

ಮೊದಲನೆಯದು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದರ ವೈದ್ಯತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗಳಿಗೆ ಒಂದು ಸಲ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುವುವು. ದೋಷ ಕಂಡರೆ ಶಸ್ತ್ರಚಿಕಿತ್ಸೆಯವರೆಗೂ ವೆಚ್ಚವಿಲ್ಲದೆ ಮುಂದಿನ ದವಾಖಾನೆಗೆ ಕಳಿಸುವ ಹೊಣೆ ಅವುಗಳದು. ಈ ಕಾರ್ಯಕ್ರಮವು ಹೆಸರಿಸಿರುವ ಜನ್ಮಜಾತ ದೋಷಗಳ ಪಟ್ಟಿಯಲ್ಲಿ ಪೊರೆಗಣ್ಣು ಇದೆ, ಇಳಿದ ರೆಪ್ಪೆ ಇಲ್ಲ. ಆದರೆ ದೃಷ್ಟಿದೋಷವೆಂಬ ಪ್ರತ್ಯೇಕವಾದ ಬಾಬು ಉಂಟು. ಆದುದರಿಂದ ತಂಡದವರು ಮಗುವನ್ನು ನೋಡುವಾಗ, ರೆಪ್ಪೆಯಿಂದ ದೃಷ್ಟಿಗೆ ಅಡ್ಡಿಯಾಗಿದೆಯೆಂಬ ಅಂಶ ಕಾರ್ಡಿನಲ್ಲಿ ದಾಖಲಾಗುವಂತೆ ತಂದೆತಾಯಿಗಳು ವಿನಯಪೂರ್ವಕವಾಗಿಯೂ ಪಟ್ಟುಹಿಡಿದೂ ಕೇಳಬೇಕು.

ಎರಡನೆಯದು, 2012ರ ಜುಲೈ ತಿಂಗಳಲ್ಲಿ ರಾಜೀವ ಗಾಂಧಿ ಜೀವನದಾಯೀ ಎಂಬ ಹೆಸರಿನಿಂದ ಸೊಲ್ಲಾಪುರವೂ ಸೇರಿ ಎಂಟು ಜಿಲ್ಲೆಗಳಲ್ಲಿ ಮೊದಲಾಗಿ, 2017ರಲ್ಲಿ ಮಹಾತ್ಮಾ ಜ್ಯೋತಿರಾವ ಫುಲೆಯವರ ಹೆಸರನ್ನು ಪಡೆದ ಜನ ಆರೋಗ್ಯ ಯೋಜನೆ. 2023ರ ಸರಕಾರಿ ನಿರ್ಣಯವು ರೇಶನ್ ಕಾರ್ಡಿನ ಬಣ್ಣದ ಭೇದವನ್ನು ತೆಗೆದು, ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ರಾಜ್ಯದ ಎಲ್ಲ ಕುಟುಂಬಗಳಿಗೂ ವಿಸ್ತರಿಸಿತು. ಯೋಜನೆಗೆ ಸೇರಿದ ಪ್ರತಿ ದವಾಖಾನೆಯಲ್ಲಿಯೂ ಆರೋಗ್ಯಮಿತ್ರನೊಬ್ಬನಿರುವನು. ನಿಮ್ಮ ಮಗುವಿಗೆ ಹೇಳಿರುವ ಶಸ್ತ್ರಚಿಕಿತ್ಸೆ ಪಟ್ಟಿಯಲ್ಲಿದೆಯೇ, ಅದನ್ನು ಯಾವ ದವಾಖಾನೆಯಲ್ಲಿ ಮಾಡುವರು ಎಂಬುದನ್ನು ಮುಂಗಡ ಹಣ ಕಟ್ಟುವುದಕ್ಕೆ ಮೊದಲೇ ಅವನಲ್ಲಿ ವಿಚಾರಿಸತಕ್ಕದ್ದು. ಅಕ್ಕಲಕೋಟೆಯ ಗ್ರಾಮೀಣ ರುಗ್ಣಾಲಯದಿಂದ ಚೀಟಿ ಬರೆಯಿಸಿಕೊಂಡು, ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ, ಜನರು ಸಿವಿಲ್ ಎಂದೇ ಕರೆಯುವ ಸೊಲ್ಲಾಪುರದ ಸರ್ವೋಪಚಾರ ರುಗ್ಣಾಲಯದ ನೇತ್ರವಿಭಾಗಕ್ಕೆ ಹೋಗುವುದು ಸಾಮಾನ್ಯವಾದ ಮಾರ್ಗ. ಗಿರಣಿ, ಯಂತ್ರಮಗ್ಗ ಮೊದಲಾದವುಗಳಲ್ಲಿ ದುಡಿಯುವ, ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕರ ಮಕ್ಕಳಿಗೆ ಆ ಸಂಸ್ಥೆಯ ದವಾಖಾನೆಯೂ ತೆರೆದಿದೆ.

ಮೂರನೆಯದು ಬಹುಜನರಿಗೆ ಗೊತ್ತಿಲ್ಲ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯಿದೆಯ 41ಎಎ ಕಲಮು ಹಾಗೂ ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಒಪ್ಪಿದ ಯೋಜನೆ, ಇವೆರಡರ ಮೇರೆಗೆ ಧರ್ಮಾದಾಯ ದವಾಖಾನೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಧನರಿಗೆ ಉಚಿತವಾಗಿಯೂ, ಮತ್ತೆ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಕಾದಿರಿಸಲು ಬದ್ಧವಾಗಿವೆ. ರೇಶನ್ ಕಾರ್ಡು ಅಥವಾ ತಹಸೀಲದಾರರ ಆದಾಯ ದಾಖಲೆಯನ್ನು ತೋರಿಸಿದ ಮೇಲೂ ನಿರಾಕರಿಸಿದರೆ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ಲಿಖಿತ ದೂರು ಕೊಡಬಹುದು.

ವಿಮಾ ಕಂಪನಿಯ ಆಕ್ಷೇಪ

ಖಾಸಗಿ ಆರೋಗ್ಯ ವಿಮೆಯುಳ್ಳವರು ಎರಡು ಆಕ್ಷೇಪಗಳಿಗೆ ಸಿದ್ಧರಾಗಿರಬೇಕು. ರೋಗವು ಆನುವಂಶಿಕವಾದುದೆಂಬುದು ಮೊದಲ ಆಕ್ಷೇಪ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಅಪವಾದದ ಷರತ್ತುಗಳನ್ನು ಏಕರೂಪಗೊಳಿಸಿದಾಗ, ಆನುವಂಶಿಕ ರೋಗಗಳನ್ನು ಪಾಲಿಸಿಯ ಹೊರಗಿಡಕೂಡದೆಂದು ವಿಧಿಸಿರುವುದರಿಂದ ಆ ಆಕ್ಷೇಪ ನಿಲ್ಲತಕ್ಕದ್ದಲ್ಲ. ಶಸ್ತ್ರಚಿಕಿತ್ಸೆಯು ಕೇವಲ ಸೌಂದರ್ಯಕ್ಕಾಗಿ ಎಂಬುದು ಎರಡನೆಯದು. ಇದು ಹೆಚ್ಚು ಬಲವುಳ್ಳದ್ದು. ರೂಪ ಬದಲಾಯಿಸುವ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಬಹುತೇಕ ಎಲ್ಲ ಪಾಲಿಸಿಗಳಲ್ಲಿಯೂ ಇದೆ. ಆದರೆ ಆರೋಗ್ಯಕ್ಕೆ ನೇರವಾಗಿ ಒದಗಿದ ಅಪಾಯದ ನಿವಾರಣೆಗೆ ವೈದ್ಯಕೀಯವಾಗಿ ಅಗತ್ಯವೆಂದು ಚಿಕಿತ್ಸಕ ವೈದ್ಯರು ದೃಢೀಕರಿಸಿದ ಶಸ್ತ್ರಚಿಕಿತ್ಸೆಗೆ ಆ ಷರತ್ತಿನಲ್ಲಿಯೇ ವಿನಾಯಿತಿಯಿದೆ. ಆದಕಾರಣ ರೆಪ್ಪೆಯು ಪಾಪೆಯನ್ನು ಎಷ್ಟು ಮುಚ್ಚಿದೆ, ದೃಷ್ಟಿಯ ಅಳತೆ ಏನು, ತಡವಾದರೆ ಮಂದದೃಷ್ಟಿಯ ಅಪಾಯವೇನು ಎಂಬ ಮೂರು ಸಂಗತಿಗಳೂ ಛಾಯಾಚಿತ್ರಸಹಿತವಾಗಿ ವೈದ್ಯರ ಪತ್ರದಲ್ಲಿ ಬಂದಿರಬೇಕು. ಹೊರಗೆ ಕಾಣುವ ಜನ್ಮಜಾತ ದೋಷಗಳಿಗೆ ಪ್ರತ್ಯೇಕ ಅಪವಾದವನ್ನಿಟ್ಟ ಪಾಲಿಸಿಗಳೂ ಇರುವುದರಿಂದ ಪಾಲಿಸಿಯ ಪಠ್ಯವನ್ನು ಮೊದಲೇ ಓದಿಕೊಳ್ಳುವುದು ಕ್ಷೇಮ. ಹಣ ನಿರಾಕರಿಸಲ್ಪಟ್ಟರೆ ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಸಮಾಧಾನಕರವಾದ ಉತ್ತರ ಬಾರದಿದ್ದರೆ ಪುಣೆಯ ವಿಮಾ ಲೋಕಪಾಲರಿಗೆ ಅರ್ಜಿ. ಇದಕ್ಕೆ ಶುಲ್ಕವೂ ಇಲ್ಲ, ವಕೀಲರ ಅಗತ್ಯವೂ ಇಲ್ಲ.

ಸಮ್ಮತಿ, ದಾಖಲೆ, ಪರಿಹಾರ

ಮಗುವಿನ ಪರವಾಗಿ ಸಮ್ಮತಿ ಕೊಡತಕ್ಕವರು ತಂದೆತಾಯಿಗಳು. ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯ ಇವುಗಳನ್ನು ತಿಳಿಯಹೇಳಿ ಪಡೆದ ಸಮ್ಮತಿಯೇ ನಿಜವಾದ ಸಮ್ಮತಿಯೆಂದು ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಿರ್ಣಯಿಸಿದೆ. ಓದಲು ಬಾರದ ಭಾಷೆಯ ಅಚ್ಚಿನ ನಮೂನೆಗೆ ಅವಸರದಲ್ಲಿ ಸಹಿ ಹಾಕುವ ಕಾರಣವಿಲ್ಲ. ವೈದ್ಯಕೀಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯವೃತ್ತಿ ನಿಯಮಗಳಲ್ಲಿದೆ. ಹಣ ಪಡೆದು ಮಾಡಿದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ನಡೆದಿದ್ದರೆ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯಿದೆಯು ದೂರುದಾರನಿಗೆ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡುವ ಅವಕಾಶವಿತ್ತಿರುವುದರಿಂದ, ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ನಡೆದ ಶಸ್ತ್ರಚಿಕಿತ್ಸೆಯ ವಿಷಯವಾಗಿ ಅಕ್ಕಲಕೋಟೆಯವರು ಸೊಲ್ಲಾಪುರದ ಜಿಲ್ಲಾ ಆಯೋಗವನ್ನೇ ಆಶ್ರಯಿಸಬಹುದು.

ಅಂಗವಿಕಲತೆಯ ಪ್ರಮಾಣಪತ್ರ

ಮಗು ಹುಟ್ಟಿದೊಡನೆ ಪ್ರಮಾಣಪತ್ರಕ್ಕಾಗಿ ಅಲೆಯುವ ಕುಟುಂಬಗಳು ಇಲ್ಲಿ ತುಸು ನಿಲ್ಲಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ರೆಪ್ಪೆಯ ದೋಷ ಅವುಗಳಲ್ಲಿ ಬಾರದು, ಅಂಧತೆ ಮತ್ತು ಕ್ಷೀಣದೃಷ್ಟಿ ಬರುತ್ತವೆ. ಆ ಅಳತೆಯನ್ನಾದರೂ ಉತ್ತಮವಾದ ಕಣ್ಣಿನಲ್ಲಿ, ಸಾಧ್ಯವಿದ್ದಷ್ಟು ತಿದ್ದುಪಡಿಯಾದ ಮೇಲೆ ತೆಗೆದುಕೊಳ್ಳುವರು: 6/18ಕ್ಕಿಂತ ಮೇಲಾಗದ ದೃಷ್ಟಿ, ಅಥವಾ 40 ಡಿಗ್ರಿಗಿಂತ ಕಿರಿದಾದ ದೃಷ್ಟಿಕ್ಷೇತ್ರ, ಕ್ಷೀಣದೃಷ್ಟಿಯೆನಿಸುತ್ತದೆ. ಒಂದೇ ಕಣ್ಣಿನ ದೃಷ್ಟಿ ಪೂರ್ಣವಾಗಿ ಹೋದರೂ ಅದರ ಗಣನೆ ಶೇ. 30, ಮೀಸಲಾತಿ, ನಿವೃತ್ತಿವೇತನ ಮೊದಲಾದ ಹೆಚ್ಚಿನ ಸೌಲಭ್ಯಗಳಿಗೆ ಬೇಕಾದುದು ಶೇ. 40. ಆದುದರಿಂದ ಸಕಾಲದಲ್ಲಿ ಚಿಕಿತ್ಸೆ ಪಡೆದ ಬಹಳ ಮಕ್ಕಳು ಈ ಗೆರೆಯನ್ನು ಮುಟ್ಟುವುದಿಲ್ಲ, ಮತ್ತು ಮುಟ್ಟದಿರುವುದು ಸೌಭಾಗ್ಯವೇ ಸರಿ. ಕಾಗದದ ಆಸೆಯಿಂದ ಚಿಕಿತ್ಸೆಯನ್ನು ಮುಂದೂಡಿದವರು ದೃಷ್ಟಿಯನ್ನು ಕಳೆದುಕೊಂಡು, ಕಾಗದವನ್ನೂ ಪಡೆಯದೆ ಹೋಗುವ ಸಂಭವವುಂಟು.

ಚಿಕಿತ್ಸೆಯ ಅನಂತರವೂ ದೃಷ್ಟಿ ಕ್ಷೀಣವಾಗಿಯೇ ಉಳಿದರೆ, ಸ್ವಾವಲಂಬನ ಎಂಬ ಕೇಂದ್ರ ಸರಕಾರದ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದ ಮುಂದೆ ಮಗುವನ್ನು ಹಾಜರುಪಡಿಸಬೇಕು. ವೈಕಲ್ಯದ ಪ್ರಮಾಣ ಮುಂದೆ ಬದಲಾಗಬಹುದಾದರೆ ಪತ್ರಕ್ಕೆ ಅವಧಿ ನಿಗದಿಯಾಗುತ್ತದೆ. ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಅದರ ಮೇಲೆ ಮೇಲ್ಮನವಿಯೂ ಉಂಟು. ಈ ಪತ್ರವು ದೇಶದಾದ್ಯಂತ ಮಾನ್ಯವಾದುದರಿಂದ, ಸೊಲ್ಲಾಪುರದ್ದನ್ನು ಕಲಬುರಗಿಯಲ್ಲಿ ಒಲ್ಲೆನೆನ್ನುವಂತಿಲ್ಲ.

ಶೇ. 40 ಮುಟ್ಟದವರು ನಿರಾಶರಾಗಬೇಕಾಗಿಲ್ಲ. ಅವಶ್ಯವಾದ ಅನುಕೂಲ ಕಲ್ಪಿಸಿಕೊಳ್ಳುವ ಹಕ್ಕು ಆ ಗೆರೆಯ ಕೆಳಗಿರುವವರಿಗೂ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರುವರಿಯಲ್ಲಿ ವಿಕಾಸ ಕುಮಾರ ಪ್ರಕರಣದಲ್ಲಿ ಘೋಷಿಸಿದೆ. ತರಗತಿಯಲ್ಲಿ ಮುಂದಿನ ಸಾಲು, ದೊಡ್ಡಕ್ಷರದ ಹಾಳೆ, ಗದ್ದವೆತ್ತಿ ನೋಡುವ ಮಗುವನ್ನು ಉದ್ಧಟನೆಂದು ಭಾವಿಸದ ತಿಳಿವಳಿಕೆ, ಇವನ್ನು ಮುಖ್ಯಾಧ್ಯಾಪಕರಿಗೆ ಪತ್ರ ಬರೆದು ಕೇಳಬಹುದು. ಮಗುವಿನ ಮುಖವನ್ನು ಕುರಿತು ಶಿಕ್ಷಕರೇ ಹಂಗಿಸಿದರೆ, ಅದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿರುವ ಮಾನಸಿಕ ಕಿರುಕುಳ.

ಯಂತ್ರದ ಮುಂದೆ ಕಣ್ಣು

ಐದು ವರ್ಷ ತುಂಬಿದ ಮಗುವಿನ ಆಧಾರಕ್ಕೆ ಬೆರಳಚ್ಚಿನೊಡನೆ ಕಣ್ಣಿನ ಪಾಪೆಯ ಸುತ್ತಣ ಪಟಲದ ಚಿತ್ರವೂ ಬೇಕು. ಇಳಿದ ರೆಪ್ಪೆಯಿಂದ ಅದು ದೊರೆಯದಿದ್ದರೆ ಅಪವಾದವೆಂದು ದಾಖಲಿಸಿ ಕೆಲಸ ಮುಂದುವರಿಸಲು ನಿಯಮದಲ್ಲಿ ಎಡೆಯಿದೆ. ಕೇಂದ್ರದವರು ಮರಳಿ ಕಳಿಸಕೂಡದು. ಮುಂದೆ ಬ್ಯಾಂಕು, ಮೊಬೈಲು ಕಂಪನಿಗಳು ಕಣ್ಣು ಮಿಟುಕಿಸಿ ತೋರಿಸೆಂದು ಕೇಳಿದಾಗ ನೆನಪಿಡತಕ್ಕ ತೀರ್ಪು 2025ರ ಏಪ್ರಿಲ್ 30ರದು. ಆಮ್ಲದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದವರ ಪರವಾಗಿ ಪ್ರಜ್ಞಾ ಪ್ರಸೂನ್ ಅವರು ತಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆ ಎಟುಕುವಂತಿರುವುದು ಸಂವಿಧಾನದ 21ನೆಯ ಅನುಚ್ಛೇದದ ಅಂಗವೆಂದು ಸಾರಿ, ಗುರುತು ಪರಿಶೀಲನೆಗೆ ಬೇರೆ ವಿಧಾನಗಳನ್ನೂ ಒದಗಿಸಬೇಕೆಂದು ಆಜ್ಞಾಪಿಸಿತು.

ಮುಂದಿನ ಗರ್ಭ ಮತ್ತು ಮನೆಯ ಮಾತು

ಮತ್ತೊಂದು ಮಗುವನ್ನು ಬಯಸುವ ದಂಪತಿಗಳು ಗರ್ಭದಲ್ಲಿಯೇ ಪರೀಕ್ಷೆ ಮಾಡಿಸಬಹುದೇ? ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯೇ, ಕುಟುಂಬದಲ್ಲಿ ಆನುವಂಶಿಕ ರೋಗದ ಇತಿಹಾಸವಿದ್ದರೆ ನೋಂದಾಯಿತ ಕೇಂದ್ರದಲ್ಲಿ ಪ್ರಸವಪೂರ್ವ ಪರೀಕ್ಷೆಗೆ ಅನುಮತಿಸುತ್ತದೆ; ಆದರೆ ಭ್ರೂಣದ ಲಿಂಗವನ್ನು ಯಾರೂ ಹೇಳಕೂಡದು, ಕೇಳಲೂಕೂಡದು. ಗರ್ಭಿಣಿಯ ಸಮ್ಮತಿಯನ್ನು ಆಕೆಗೆ ತಿಳಿಯುವ ಭಾಷೆಯಲ್ಲಿಯೇ ಬರಹದಲ್ಲಿ ಪಡೆದು, ಅದರ ಪ್ರತಿಯನ್ನು ಆಕೆಗೆ ಕೊಡಬೇಕೆಂದು 5ನೆಯ ಕಲಮು ವಿಧಿಸುವುದರಿಂದ ಕನ್ನಡತಿಯು ಕನ್ನಡದ ನಮೂನೆಯನ್ನು ಕೇಳುವುದು ನ್ಯಾಯವೇ ಆಗಿದೆ. ದೋಷದ ಹೊರೆಯನ್ನೆಲ್ಲ ಸೊಸೆಯ ತಲೆಗೆ ಕಟ್ಟಿ ದಿನವೂ ಚುಚ್ಚುವ ಮನೆಯವರು, 2005ರ ಗೃಹಹಿಂಸೆ ತಡೆ ಕಾಯಿದೆಯು ಮಾತಿನ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆಂಬುದನ್ನು ಅರಿತಿರಲಿ.

ಭಾಷೆ ಮತ್ತು ನೆರವು

ಸಂವಿಧಾನದ 350ನೆಯ ಅನುಚ್ಛೇದದಂತೆ, ಕುಂದುಕೊರತೆಯ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸಬಹುದು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿ ಮನೆಮನೆಯ ಮಾತಾದ ಕನ್ನಡವೂ ಅಂಥದೊಂದು ಭಾಷೆ. ಕೆಲಸ ಬೇಗ ಸಾಗಬೇಕಾದರೆ ಜೊತೆಗೊಂದು ಮರಾಠಿ ಪ್ರತಿಯನ್ನಿಡುವುದು ವ್ಯವಹಾರಜ್ಞಾನ. ಮಹಿಳೆಯರು, ಮಕ್ಕಳು ಹಾಗೂ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರೆಂದು 1987ರ ಕಾಯಿದೆ ಹೇಳುತ್ತದೆ. ಸೊಲ್ಲಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಂಡರೂ ಆದೀತು, 15100 ಸಂಖ್ಯೆಗೆ ದೂರವಾಣಿ ಮಾಡಿದರೂ ಆದೀತು.

ಇಷ್ಟೆಲ್ಲ ಅರ್ಜಿಗಳಿಗೂ ದೂರುಗಳಿಗೂ ಬುನಾದಿಯಾಗತಕ್ಕ ಕಾಗದ ಒಂದೇ: ಮಗು ಎಷ್ಟು ಕಾಣುತ್ತಿದೆಯೆಂಬುದನ್ನು ನೇತ್ರವೈದ್ಯರು ತಾರೀಖು ಹಾಕಿ ಬರೆದ ಪತ್ರ. ಬಾಲಸ್ವಾಸ್ಥ್ಯ ತಂಡ, ಆರೋಗ್ಯಮಿತ್ರ, ವಿಮಾ ಕಂಪನಿ, ವೈದ್ಯಕೀಯ ಪ್ರಾಧಿಕಾರ, ಶಾಲೆ, ಎಲ್ಲರೂ ಕೇಳುವುದು ಅದನ್ನೇ. ಕೂಸಿಗೆ ಇನ್ನೂ ಆ ಪರೀಕ್ಷೆ ಆಗಿರದಿದ್ದರೆ ಬೇರಾವ ಕಚೇರಿಯ ಮೆಟ್ಟಿಲನ್ನು ಹತ್ತುವುದಕ್ಕೂ ಮುನ್ನ ನೇತ್ರವಿಭಾಗಕ್ಕೆ ಹೋಗಿ, ಆ ಪತ್ರದ ಮೂರು ಪ್ರತಿಗಳನ್ನು ಮಾಡಿಸಿ ಇಟ್ಟುಕೊಳ್ಳಿರಿ.