ಪಡೆಗೆ ಸಂಬಳ ಕೊಡುವವರು ಯಾರು?

ಪ್ರಶ್ನೆ: ಯೆಮನ್ ದೇಶದ ಸರ್ಕಾರ, ತನ್ನ ಪರವಾಗಿಯೇ ಕಾದಾಡುತ್ತಿದ್ದ ಸಶಸ್ತ್ರ ಪಡೆಯೊಂದರ ಜತೆ ಅಧಿಕಾರ ಹಂಚಿಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು ಎಂದು ಓದಿದೆ. ತನ್ನ ಕಡೆಯವರೊಂದಿಗೇ ಸರ್ಕಾರ ಸಂಧಾನಕ್ಕೆ ಕೂರಬೇಕಾಗುವುದು ಏಕೆ? ನಮ್ಮ ಸೀಮೆಯಲ್ಲಿ ಹಿಂದೆ ಇಂಥದು ನಡೆದದ್ದುಂಟೆ? ನಮ್ಮೂರಲ್ಲಿ ತಳವಾರಿಕೆ ಹೊಲಗಳಿದ್ದವು ಎನ್ನುತ್ತಾರೆ. ಅದಕ್ಕೂ ಪಾಳೆಯಗಾರರಿಗೂ ಸಂಬಂಧವಿದೆಯೇ?
– ಕೊಟ್ಟೂರಿನ ಓದುಗರು

ಉತ್ತರ: ನೀವು ಕೊಟ್ಟೂರಿನಿಂದ ಕೇಳಿದ್ದೀರಿ. ಉತ್ತರದ ಬಹುಪಾಲು ನಿಮ್ಮ ಸುತ್ತಲಿನ ತಾಲ್ಲೂಕುಗಳಲ್ಲೇ ಇದೆ.

ನಿಮ್ಮ ಸಂದೇಹ ಸಹಜವಾದದ್ದು. ವೈರಿಯ ಜತೆ ಸಂಧಾನ ಮಾಡುವುದು ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮವರೇ ಆದವರಿಗೆ ಆಜ್ಞೆ ಮಾಡಿದರೆ ಸಾಲದೇ, ಮಾತುಕತೆ ಏಕೆ?

ಮೊದಲು ಯೆಮನ್ ವಿಷಯವನ್ನು ಚುಟುಕಾಗಿ ನೋಡೋಣ. 2014ರಲ್ಲಿ ಹೌತಿ ಬಂಡುಕೋರರು ರಾಜಧಾನಿ ಸನಾ ನಗರವನ್ನು ಹಿಡಿದರು. ಸರ್ಕಾರ ದಕ್ಷಿಣದ ಏಡನ್ ಬಂದರಿಗೆ ಬಂತು. ಅಲ್ಲಿ ಹೌತಿಗಳ ವಿರುದ್ಧ ಸರ್ಕಾರದ ಜತೆ ನಿಂತ ಪಡೆಗಳಲ್ಲಿ ದಕ್ಷಿಣದ ಪ್ರತ್ಯೇಕತಾವಾದಿಗಳದೂ ಒಂದು. ಅವರಿಗೆ ತರಬೇತಿ ಮತ್ತು ಸಂಬಳ ಕೊಡುತ್ತಿದ್ದುದು ಸಂಯುಕ್ತ ಅರಬ್ ಎಮಿರೇಟ್ಸ್. 2019ರ ಆಗಸ್ಟ್‌ನಲ್ಲಿ ಇದೇ ಮಿತ್ರರು ಏಡನ್ ನಗರವನ್ನು ಸರ್ಕಾರದ ಕೈಯಿಂದಲೇ ಕಿತ್ತುಕೊಂಡರು. ಆಮೇಲೆ ಆ ವರ್ಷದ ನವೆಂಬರ್ 5ರಂದು ರಿಯಾದ್‌ನಲ್ಲಿ ಒಪ್ಪಂದವಾಯಿತು. 24 ಸಚಿವರು, ಉತ್ತರಕ್ಕೆ ಅರ್ಧ, ದಕ್ಷಿಣಕ್ಕೆ ಅರ್ಧ. ಪಡೆಗಳೆಲ್ಲ ರಕ್ಷಣಾ ಮತ್ತು ಗೃಹ ಸಚಿವಾಲಯಗಳ ಅಡಿಗೆ ಬರಬೇಕು. ಸಚಿವ ಸಂಪುಟವೇನೋ 2020ರ ಡಿಸೆಂಬರ್‌ನಲ್ಲಿ ರಚನೆಯಾಯಿತು. ಪಡೆಗಳನ್ನು ಒಂದುಗೂಡಿಸುವ ಮಾತು ಮಾತ್ರ ಹಿಂದೆಯೇ ಉಳಿಯಿತು.

ಕುರ್ಚಿ ಹಂಚುವುದು ಸುಲಭವಾಯಿತು, ಪಡೆ ಕೈಬದಲಾಗುವುದು ಕಷ್ಟವಾಯಿತು. ಏಕೆಂದು ತಿಳಿಯಲು ನಿಮ್ಮ ಸೀಮೆಗೆ ಬರೋಣ.

ವಿಜಯನಗರದ ಅರಸರು ತಮ್ಮ ಸೈನ್ಯಕ್ಕೆಲ್ಲ ಬೊಕ್ಕಸದಿಂದಲೇ ಸಂಬಳ ಕೊಡುತ್ತಿರಲಿಲ್ಲ. ನಾಯಕನೊಬ್ಬನಿಗೆ ಇಷ್ಟು ಹಳ್ಳಿಗಳು ಎಂದು ವಹಿಸುತ್ತಿದ್ದರು. ಇದಕ್ಕೆ ಅಮರ ಮಾಗಣಿ ಎಂದು ಹೆಸರು, ಪಡೆದವನು ಅಮರನಾಯಕ. ಅವನು ಹುಟ್ಟುವಳಿಯಲ್ಲಿ ಒಂದು ಪಾಲನ್ನು ಅರಮನೆಗೆ ಕಟ್ಟಿ, ಉಳಿದುದರಲ್ಲಿ ಗೊತ್ತುಮಾಡಿದಷ್ಟು ಕಾಲಾಳು ಕುದುರೆಗಳನ್ನು ಸಾಕಬೇಕು, ಕರೆ ಬಂದಾಗ ಪಡೆ ಸಮೇತ ಹೊರಡಬೇಕು. ಅರಸ ಬಲವಾಗಿದ್ದಷ್ಟು ದಿನ ಇದು ಬಹಳ ಜಾಣ ಏರ್ಪಾಡು. ಆದರೆ ಅದರೊಳಗೇ ಒಂದು ತೊಡಕಿತ್ತು. ಆ ಕಾಲಾಳಿನ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ನಾಯಕನಿಂದ, ಅರಸನಿಂದಲ್ಲ.

1565ರಲ್ಲಿ ರಕ್ಕಸತಂಗಡಿಯ ಸೋಲಿನ ನಂತರ ರಾಜಧಾನಿ ಪೆನುಕೊಂಡಕ್ಕೆ ಸರಿಯಿತು. ಅರಸ ದೂರವಾದ, ನಾಯಕರು ಇದ್ದಲ್ಲೇ ಇದ್ದರು. ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕಿನ ಜರಿಮಲೆ ಮತ್ತು ಗುಡೇಕೋಟೆ, ನೆರೆಯ ರಾಯದುರ್ಗ, ಚಿತ್ರದುರ್ಗ ಇವೆಲ್ಲ ಪಾಳೆಯಗಾರರ ನೆಲೆಗಳು. ಪಾಳೆಯವೆಂದರೆ ದಂಡು ಬೀಡುಬಿಟ್ಟ ಜಾಗ, ಅದರ ಒಡೆಯನಾದ ನಾಯಕನೇ ಪಾಳೆಯಗಾರ. ಗುಡೇಕೋಟೆಯ ಬಂಡೆಗಳ ನಡುವೆ ಇಂದೂ ಉಳಿದಿರುವ ಕೋಟೆಯ ಗೋಡೆಗಳನ್ನು ನೋಡಿದರೆ, ಅಂಥ ಪಡೆಯ ಒಡೆಯನಿಗೆ ದೂರದ ಅರಸ ಬರೀ ಆಜ್ಞೆ ಕಳಿಸಿ ಸುಮ್ಮನಿರಲು ಆಗುತ್ತಿರಲಿಲ್ಲ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಕೆಲವರು ಪಾಳೆಯಗಾರರನ್ನು ಸ್ವತಂತ್ರ ರಾಜರೆಂದು ತಿಳಿಯುತ್ತಾರೆ. ಇನ್ನು ಕೆಲವರು, ಬ್ರಿಟಿಷ್ ವರದಿಗಳನ್ನು ಓದಿ, ಸುಲಿಗೆಕೋರರೆಂದು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಪಾಳೆಯಗಾರ ಮೇಲಿನವನಿಗೆ ಕಪ್ಪ ಒಪ್ಪಿಸುತ್ತಿದ್ದ, ಕರೆದಾಗ ಪಡೆ ಕಳಿಸುತ್ತಿದ್ದ. ಹಾಗೆಯೇ ತನ್ನ ಸೀಮೆಯಲ್ಲಿ ಕಂದಾಯ ಎತ್ತುವುದು, ಕಾವಲು ಕಾಯುವುದು, ನ್ಯಾಯ ಹೇಳುವುದು ತನ್ನ ಹಕ್ಕೆಂದು ಹಿಡಿದುಕೊಳ್ಳುತ್ತಿದ್ದ. ಆಗಿನ ಅಧಿಕಾರ ಹಂಚಿಕೆ ಎಂದರೆ ಇದೇ. ಸಿಂಹಾಸನದಲ್ಲಿ ಪಾಲು ಯಾರೂ ಕೇಳಲಿಲ್ಲ, ಕೇಳಿದ್ದು ಕಂದಾಯದಲ್ಲಿ ಮತ್ತು ಕಾವಲಿನಲ್ಲಿ. ಮಾತುಕತೆ ನಡೆಸಲು ಪರಸ್ಪರರ ವಕೀಲರಿದ್ದರು. (ಈಗಿನ ಕೋರ್ಟಿನ ವಕೀಲರಲ್ಲ, ದೊರೆಯ ಪ್ರತಿನಿಧಿಗಳು.) ಒಪ್ಪಿದ್ದನ್ನು ಕೌಲು ಎಂದು ಬರೆದುಕೊಡುತ್ತಿದ್ದರು. ಕಪ್ಪ ಎಷ್ಟು, ಪಡೆ ಎಷ್ಟು ಎಂಬ ಎರಡು ಲೆಕ್ಕಗಳ ಸುತ್ತಲೇ ಚೌಕಾಸಿ ನಡೆಯುತ್ತಿತ್ತು.

ಈ ಸಂಬಂಧ ಎಲ್ಲಿ ಮುರಿಯುತ್ತಿತ್ತು ಎಂಬುದಕ್ಕೆ ಚಿತ್ರದುರ್ಗವೇ ಸ್ಪಷ್ಟ ಉದಾಹರಣೆ. 1762ರ ಹೊತ್ತಿಗೆ ರಾಯದುರ್ಗ, ಹರಪನಹಳ್ಳಿ, ಚಿತ್ರದುರ್ಗ ಮೂರೂ ಮೈಸೂರಿನ ಹೈದರಾಲಿಗೆ ತಲೆಬಾಗಿದ್ದವು. ಆದರೆ ಹೈದರನೊಬ್ಬನೇ ದೊರೆಯಾಗಿರಲಿಲ್ಲ, ಉತ್ತರದಿಂದ ಮರಾಠರೂ ಬರುತ್ತಿದ್ದರು. ‘ಪಡೆ ತೆಗೆದುಕೊಂಡು ಬಾ’ ಎಂದು ಹೈದರ್ ಕರೆ ಕಳಿಸಿದಾಗ ಚಿತ್ರದುರ್ಗದ ಪಾಳೆಯಗಾರ ಮದಕರಿ ನಾಯಕ ಹೋಗಲಿಲ್ಲ. ನನಗೆ ಅವನ ಇಕ್ಕಟ್ಟು ಅರ್ಥವಾಗುತ್ತದೆ. ಪಡೆ ಕಳಿಸಿದ ಮೇಲೆ ಹೈದರ್ ಸೋತರೆ, ಮರಾಠರ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಹೈದರನ ದೃಷ್ಟಿಯಿಂದ ನೋಡಿ: ಬೇಕಾದಾಗ ಬಾರದ ಪಡೆ ಇದ್ದೂ ಇಲ್ಲದಂತೆ. ಮೊದಲ ಮುತ್ತಿಗೆ ಭಾರೀ ದಂಡದೊಂದಿಗೆ ಮುಗಿಯಿತು. ಮರಾಠರು ಬಂದಾಗ ಮತ್ತೆ ಕರೆ ಬಂತು, ಮತ್ತೆ ಮದಕರಿ ಹೋಗಲಿಲ್ಲ. 1779ರಲ್ಲಿ ದುರ್ಗ ಹೈದರನ ವಶವಾಯಿತು. ಆಮೇಲೆ ಅವನು ಕೋಟೆ ಹಿಡಿದು ಸುಮ್ಮನಾಗಲಿಲ್ಲ, ದುರ್ಗದ ಪಡೆಯ ಬೆನ್ನೆಲುಬಾಗಿದ್ದ ಬೇಡ ಸಮುದಾಯದ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಹುಡುಗರನ್ನು ತಾನೇ ಸಾಕಿ ಪಳಗಿಸುವ ಚೇಲಾ ಪಡೆಗೆ ಸೇರಿಸಿಕೊಂಡ. ಪಡೆಯನ್ನು ಒಡೆಯನಿಂದ ಬೇರ್ಪಡಿಸಿ ತನ್ನ ಅನ್ನಕ್ಕೆ ಕಟ್ಟಿಕೊಳ್ಳುವ ಉಪಾಯವದು, ಆದರೆ ಎಷ್ಟು ಮನೆಗಳು ಒಡೆದವೋ! ಆ ಅಂಕಿಯನ್ನು ಬರೆಯುವಾಗ ಕೈ ತಡೆಯುತ್ತದೆ.

ಹಾಗಾದರೆ ನಿಷ್ಠೆಯಿಂದಿದ್ದವರು ಉಳಿದರೇ ಎಂದು ನೀವು ಕೇಳಬಹುದು. ಇಲ್ಲ. ಮರಾಠರೊಂದಿಗೆ ಹೈದರನ ಮಗ ಟಿಪ್ಪು 1787ರಲ್ಲಿ ಗಜೇಂದ್ರಗಡದ ಒಪ್ಪಂದ ಮಾಡಿಕೊಂಡ. ಅದರ ಬೆನ್ನಿಗೇ ಹರಪನಹಳ್ಳಿ ಮತ್ತು ರಾಯದುರ್ಗದ ಪಾಳೆಯಗಾರರನ್ನು ಸೆರೆಹಿಡಿದು ಅವರ ಸೀಮೆಗಳನ್ನು ವಶಪಡಿಸಿಕೊಂಡ. ಹೊರಗಿನ ವೈರಿಯ ಭಯ ಇಳಿದಾಗ ಮಿತ್ರನ ಪಡೆಯ ಬೆಲೆಯೂ ಇಳಿಯುತ್ತದೆ. ಇಂಥ ಪಡೆಗಳು ‘ಯುದ್ಧ ಮುಗಿದ ಮೇಲೆ ನೋಡೋಣ’ ಎಂಬ ಮಾತನ್ನು ನಂಬದಿರಲು ಇದೇ ಕಾರಣ. ಯುದ್ಧ ನಡೆಯುತ್ತಿರುವಾಗಲೇ ಪಾಲು ಬರೆಸಿಕೊಳ್ಳಬೇಕು ಎಂದು ಅವು ಹಟ ಹಿಡಿಯುತ್ತವೆ.

ಇನ್ನು ಈ ವ್ಯವಸ್ಥೆ ಕೊನೆಗಂಡದ್ದು ಹೇಗೆ? 1800ರ ಅಕ್ಟೋಬರ್‌ನಲ್ಲಿ ನಿಜಾಮನು, ಟಿಪ್ಪು ಸೋತ ಮೇಲೆ ತನಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತಾನು ಇಟ್ಟುಕೊಂಡಿದ್ದ ಕಂಪನಿ ಸೈನ್ಯದ ಖರ್ಚಿಗಾಗಿ! ಇಲ್ಲೂ ಪ್ರಶ್ನೆ ಪಡೆಯ ಸಂಬಳದ್ದೇ. ಆಡಳಿತಕ್ಕೆ ಬಂದ ಥಾಮಸ್ ಮನ್ರೋ ಮುಂದೆ ಸುಮಾರು 80 ಪಾಳೆಯಗಾರರೂ ಅವರ ಕೈಕೆಳಗೆ ಸುಮಾರು 30,000 ಆಯುಧಧಾರಿಗಳೂ ಇದ್ದರು. ಮನ್ರೋ ಹಿಡಿದ ದಾರಿ ಸರಳ ಮತ್ತು ಕಠಿಣ: ಪಡೆ ಸಾಕಲು ಏನೂ ಉಳಿಯದಂತೆ ಕಪ್ಪವನ್ನು ಏರಿಸುವುದು. ಕೊಡಲಾರದೆ ಎದುರು ನಿಂತವರ ಮೇಲೆ ದಂಡು ಹೋಯಿತು, ಒಪ್ಪಿಕೊಂಡವರಲ್ಲಿ ಹಲವರಿಗೆ ಮಾಸಾಶನ ಸಿಕ್ಕಿತು. ಈ ನಡೆ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರಿಗೇ ಮೆಚ್ಚಿಗೆಯಾಗಲಿಲ್ಲ, 1804ರಲ್ಲಿ ಆಕ್ಷೇಪಿಸಿ ಬರೆದರು. ನನ್ನ ಅಭಿಪ್ರಾಯ ಕೇಳಿದರೆ ಅವರ ಆಕ್ಷೇಪ ನ್ಯಾಯವಾದದ್ದು. ಹಿಂದಿನ ದೊರೆಗಳ ಕೌಲನ್ನು ನಂಬಿದ್ದವರಿಗೆ ಕನಿಷ್ಠ ಒಂದು ನೇರ ಮಾತುಕತೆ ಸಲ್ಲಬೇಕಿತ್ತು. ಆದರೆ ಮನ್ರೋ ಗುರಿಯನ್ನು ಸರಿಯಾಗಿ ಗುರುತಿಸಿದ್ದ ಎಂಬುದನ್ನೂ ಹೇಳಬೇಕು. ಪಾಳೆಯಗಾರನ ಬಿರುದು ಬಾವಲಿಗಳನ್ನು ಅವನು ಲೆಕ್ಕಿಸಲಿಲ್ಲ, ಕಾಲಾಳಿನ ಸಂಬಳದ ಮೂಲವನ್ನು ಹಿಡಿದ.

ಆದ್ದರಿಂದ ಯೆಮನ್‌ನಂಥ ದೇಶದ ಒಪ್ಪಂದದ ಸುದ್ದಿ ಓದುವಾಗ, ಎಷ್ಟು ಸಚಿವ ಸ್ಥಾನ ಎಂಬುದರ ಜತೆಗೆ, ಪಡೆಯವರ ಸಂಬಳ ಇನ್ನು ಮುಂದೆ ಯಾರ ಕೈಯಿಂದ ಬರುತ್ತದೆ ಎಂಬ ಸಾಲನ್ನೂ ಹುಡುಕಿ ನೋಡಿ. ಅದು ಬದಲಾಗದಿದ್ದರೆ, 2022ರ ಏಪ್ರಿಲ್‌ನಲ್ಲಿ ಅಲ್ಲಿ ಆದಂತೆ ಎಂಟು ಜನರ ಅಧ್ಯಕ್ಷೀಯ ಮಂಡಳಿಯಲ್ಲಿ ಆ ಪಡೆಯ ನಾಯಕನಿಗೆ ಸ್ಥಾನ ಕೊಟ್ಟರೂ, ಕಾಲಾಳು ಮೊದಲಿನ ಒಡೆಯನ ಮಾತನ್ನೇ ಕೇಳುತ್ತಾನೆ.

ಕೊನೆಯದಾಗಿ ನಿಮ್ಮ ತಳವಾರಿಕೆ ಹೊಲದ ವಿಷಯ. ತಳವಾರರೂ ಪಾಳೆಯಗಾರರೂ ಒಂದೇ ಅಲ್ಲ. ತಳವಾರ ಊರಿನ ಕಾವಲುಗಾರ, ಊರಿಗೆ ಸೇರಿದವನು. ಆದರೆ ನೀವು ಎರಡನ್ನೂ ಜತೆಗಿಟ್ಟು ಕೇಳಿದ್ದರಲ್ಲಿ ತಪ್ಪಿಲ್ಲ. ಹರಪನಹಳ್ಳಿ ಮನೆತನದ ಮೂಲಪುರುಷ ದಾದಯ್ಯ ನಾಯಕ ತಳವಾರಿಕೆಯ ಮನೆಯಿಂದಲೇ ಮೇಲೆ ಬಂದವನು ಎಂಬ ಪ್ರತೀತಿ ಇದೆ. ಕಾವಲಿಗೆ ಪ್ರತಿಯಾಗಿ ಹಣದ ಬದಲು ಹೊಲ ಕೊಡುವ ಪದ್ಧತಿ ಇಬ್ಬರಿಗೂ ಒಂದೇ. ಮೇಲಿನ ಪಾಳೆಯಗಳು ಮನ್ರೋ ಕಾಲಕ್ಕೆ ಮುಗಿದರೂ ಊರಿನ ಈ ಹೊಲಗಳು ಉಳಿದುಕೊಂಡವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ತಳವಾರಿಕೆಯೂ ಹೋಯಿತು. ಆ ಜಮೀನುಗಳನ್ನು ಅರ್ಜಿ ಹಾಕಿದ ಹಿಡುವಳಿದಾರರಿಗೆ ಮರುಮಂಜೂರು ಮಾಡಲು ಅದೇ ಕಾಯಿದೆಯಲ್ಲಿ ಅವಕಾಶವಿತ್ತು. ಅಂಥ ಹೊಲದ ಹಳೆಯ ಪಹಣಿ ಯಾರ ಮನೆಯಲ್ಲಾದರೂ ಇದ್ದರೆ ಒಮ್ಮೆ ತೆಗೆಸಿ ನೋಡಿ. ‘ತಳವಾರಿ ಇನಾಂ’ ಎಂಬ ಮಾತು ಅದರಲ್ಲಿ ಕಾಣಬಹುದು.