ಫ್ಲೂ ವೈರಸ್ಸಿನ ಹೊರಮೈ ಮತ್ತು ನಮ್ಮ ರಕ್ಷಣೆ

ಮಳೆಗಾಲ ಕಾಲಿಟ್ಟಿತೆಂದರೆ ಮುಂಬಯಿಯ ಮನೆಮನೆಗಳಲ್ಲಿ ಕೆಮ್ಮು, ನೆಗಡಿ, ಜ್ವರಗಳ ಸರದಿ ಆರಂಭವಾಗುತ್ತದೆ. ಎಲ್ಲ ನೆಗಡಿಯೂ ಫ್ಲೂ ಅಲ್ಲ. ಆದರೆ ಇನ್‌ಫ್ಲುಯೆಂಜಾ ಎಂಬ ನಿಜವಾದ ಫ್ಲೂ ವೃದ್ಧರಿಗೂ ಶಿಶುಗಳಿಗೂ ಗರ್ಭಿಣಿಯರಿಗೂ ಪ್ರಾಣಾಂತಿಕವಾಗಬಲ್ಲದು. ಒಮ್ಮೆ ಬಂದುಹೋದ ಈ ರೋಗವು ಮರಳಿ ಬರುವುದೇಕೆ? ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದೇಕೆ? ಇದಕ್ಕೆ ಉತ್ತರ ವೈರಸ್ಸಿನ ಹೊರಮೈಯಲ್ಲಿದೆ.

ಅಲ್ಲಿ ಮುಳ್ಳುಗಳಂತೆ ಎರಡು ಬಗೆಯ ಪ್ರೋಟೀನುಗಳು ನಿಂತಿರುತ್ತವೆ. ಮೊದಲನೆಯದು ಹೀಮಾಗ್ಲುಟಿನಿನ್. ಇದು ನಮ್ಮ ಶ್ವಾಸಮಾರ್ಗದ ಜೀವಕೋಶಗಳ ಮೇಲಿರುವ ಸಿಯಾಲಿಕ್ ಆಮ್ಲವನ್ನು ಹಿಡಿದುಕೊಂಡು ವೈರಸ್ಸನ್ನು ಒಳಹೊಗಿಸುತ್ತದೆ. ಎರಡನೆಯದು ನ್ಯೂರಮಿನಿಡೇಸ್. ಇದು ಅದೇ ಆಮ್ಲವನ್ನು ಕತ್ತರಿಸಿ, ಹೊಸದಾಗಿ ಹುಟ್ಟಿದ ವೈರಸ್ಸುಗಳನ್ನು ಕೋಶದಿಂದ ಬಿಡಿಸುತ್ತದೆ. ಎಚ್1ಎನ್1 ಎಂಬ ಹೆಸರಿನಲ್ಲಿರುವ ಎಚ್ ಮತ್ತು ಎನ್ ಇವೆರಡರ ಗುರುತುಗಳೇ.

ಲಸಿಕೆಯಿಂದ ನಮ್ಮ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳು ಮುಖ್ಯವಾಗಿ ಹೀಮಾಗ್ಲುಟಿನಿನ್ನಿನ ತಲೆಯ ಭಾಗವನ್ನು ಗುರುತಿಸುತ್ತವೆ. ಆದರೆ ವೈರಸ್ಸು ತನ್ನ ಪ್ರತಿಗಳನ್ನು ತೆಗೆಯುವಾಗ ತಪ್ಪುಗಳನ್ನು ತಿದ್ದಿಕೊಳ್ಳುವುದಿಲ್ಲ. ಈ ತಪ್ಪುಗಳಿಂದ ಆ ತಲೆಯ ರೂಪವು ಸ್ವಲ್ಪ ಸ್ವಲ್ಪವಾಗಿ ಬದಲಾಗಿ, ಹಳೆಯ ಪ್ರತಿಕಾಯಗಳಿಗೆ ಅದರ ಗುರುತು ಸಿಗದಂತಾಗುತ್ತದೆ. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆರಡು ಬಾರಿ ಪರಿಶೀಲಿಸಿ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ.

ಹೊರಮೈ ಬದಲಾದರೂ ಬದಲಾಗದ ಒಂದು ಜಾಗವಿದೆ. 1983ರಲ್ಲಿ ಆಸ್ಟ್ರೇಲಿಯದ ಪೀಟರ್ ಕೋಲ್ಮನ್, ಗ್ರೇಮ್ ಲೇವರ್ ಮೊದಲಾದ ವಿಜ್ಞಾನಿಗಳು ನ್ಯೂರಮಿನಿಡೇಸಿನ ಆಕಾರವನ್ನು ಕ್ಷ-ಕಿರಣಗಳ ನೆರವಿನಿಂದ ಬಿಡಿಸಿ ತೋರಿಸಿದರು. ಆಮ್ಲವನ್ನು ಕತ್ತರಿಸುವ ಅದರ ಕುಳಿಯು ಬೇರೆಬೇರೆ ತಳಿಗಳಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿತ್ತು. ಅದು ಕೆಟ್ಟರೆ ವೈರಸ್ಸಿನ ಕೆಲಸವೇ ಕೆಡುವುದಷ್ಟೆ. ಬೀಗಕ್ಕೆ ತಕ್ಕ ಕೀಲಿಯಂತೆ ಆ ಕುಳಿಗೆ ಹೊಂದುವ ಔಷಧಗಳು ರೂಪುಗೊಂಡವು. ಉಸಿರಿನೊಡನೆ ಸೇದುವ ಜನಾಮಿವಿರ್ ಮತ್ತು ನುಂಗುವ ಒಸೆಲ್ಟಾಮಿವಿರ್ ಎರಡೂ 1999ರಲ್ಲಿ ಬಳಕೆಗೆ ಬಂದವು. 2009ರ ಹಂದಿಜ್ವರದ ಕಾಲದಲ್ಲಿ ಭಾರತದಲ್ಲಿ ಮನೆಮಾತಾದುದು ಈ ಎರಡನೆಯದೇ.

ಈ ಔಷಧವು ಹೊಸ ವೈರಸ್ಸುಗಳ ಹರಡುವಿಕೆಯನ್ನು ತಡೆಯುವುದರಿಂದ, ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚಿನ ಫಲ. ಆದರೆ ಸ್ವಂತ ಚಿಕಿತ್ಸೆ ಸಲ್ಲದು. 2007ರಿಂದ 2009ರ ಅವಧಿಯಲ್ಲಿ ಋತುಮಾನದ ಎಚ್1ಎನ್1 ತಳಿಯೊಂದು ಒಸೆಲ್ಟಾಮಿವಿರ್‌ಗೆ ಬಗ್ಗದಂತಾಗಿ ಲೋಕವೆಲ್ಲ ಹರಡಿತ್ತು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯೋಟಿಕ್‌ಗಳಂತೂ ವೈರಸ್ಸಿನ ಮೇಲೆ ಏನೂ ಮಾಡಲಾರವು.

ಹೀಮಾಗ್ಲುಟಿನಿನ್ನಿನ ಕಾಂಡಭಾಗವು ತಲೆಗಿಂತ ಕಡಿಮೆ ಬದಲಾಗುವುದರಿಂದ, ಅದನ್ನೇ ಗುರಿಯಾಗಿಸಿ ಬಹುಕಾಲ ಬಾಳುವ ಲಸಿಕೆಗಾಗಿ ಸಂಶೋಧನೆ ನಡೆದಿದೆ. ಅದು ಕೈಗೂಡುವವರೆಗೆ, ಮನೆಯ ಹಿರಿಯರಿಗೆ ವೈದ್ಯರ ಸಲಹೆಯಂತೆ ವರ್ಷವರ್ಷವೂ ಲಸಿಕೆ ಹಾಕಿಸುವುದೂ, ಜ್ವರದೊಡನೆ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದೂ ನಮ್ಮ ಕರ್ತವ್ಯವಾಗಿದೆ.