ಗುದ್ದಲಿಯ ಕಾವೂ ದುಡಿಯುವ ದೇಹವೂ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಬಲ್ಲದವರಿಲ್ಲ. ಕೈ ಕೆಸರಾಗಲಿ, ಆದರೆ ಅಂಗೈ ಬೊಬ್ಬೆ ಏಳಬೇಕಾಗಿಲ್ಲ, ಸೊಂಟ ಹಿಡಿಯಬೇಕಾಗಿಲ್ಲ. ಹೊಲದಲ್ಲಿಯೂ ಹಿತ್ತಲ ಕೈತೋಟದಲ್ಲಿಯೂ ದುಡಿಯುವ ದಂಪತಿಗಳನ್ನು ಬಾಧಿಸುವ ನೋವಿಗೆ ಎಷ್ಟೋ ವೇಳೆ ಉಪಕರಣದ ಕಾವೇ ಕಾರಣವಾಗಿರುತ್ತದೆ.

ಉದ್ದ: ಗಿಡ್ಡ ಕಾವಿನ ಗುದ್ದಲಿ ಹಿಡಿದವರು ಸದಾ ಬಾಗಿಯೇ ಇರಬೇಕು. ಆಗ ಮೇಲ್ಮೈಯ ಭಾರವನ್ನೆಲ್ಲ ಸೊಂಟದ ಸ್ನಾಯುಗಳು ಹೊರಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕೂಲಿಗಾರರ ಬೆನ್ನಿಗೆ ಹಾನಿಯಾಗುವುದೆಂಬ ಕಾರಣದಿಂದ 1975ರಲ್ಲಿ ಗಿಡ್ಡ ಕಾವಿನ ಗುದ್ದಲಿಯನ್ನು ನಿಷೇಧಿಸಲಾಯಿತು. ಕಳೆ ತೆಗೆಯಲು ನಿಂತು ಬಳಸಬಹುದಾದ ಉದ್ದ ಕಾವಿನ ಸಾಧನ ಅಥವಾ ಸೈಕಲ್ ಕುಂಟೆ ಲೇಸು. ಗರ್ಭಿಣಿಯರು ಬಹಳ ಹೊತ್ತು ಬಾಗಿ ದುಡಿಯುವುದು ಹಿತವಲ್ಲವಾದ್ದರಿಂದ ಅವರಿಗಂತೂ ಇದು ಅವಶ್ಯ.

ದಪ್ಪ: ಕಾವು ತೀರ ತೆಳ್ಳಗಿದ್ದರೆ ಅಂಗೈಯನ್ನು ಒತ್ತುತ್ತದೆ, ತೀರ ದಪ್ಪವಾಗಿದ್ದರೆ ಬೆರಳುಗಳು ಸುತ್ತುವರಿಯಲಾರದೆ ಹಿಡಿತ ಸಡಿಲವಾಗುತ್ತದೆ. ಬಿಗಿಯಾಗಿ ಅದುಮಿದಷ್ಟೂ ಮುಂಗೈ ಬೇಗ ಸೋಲುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 3ರಿಂದ 4 ಸೆಂಟಿಮೀಟರ್ ದಪ್ಪ ಒಪ್ಪುತ್ತದೆ. ಕಾವನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳಿನ ತುದಿ ತೋರುಬೆರಳಿನ ತುದಿಯನ್ನು ಮುಟ್ಟಬೇಕು. ಹೆಂಗಸರ ಕೈ ಸಾಮಾನ್ಯವಾಗಿ ಚಿಕ್ಕದು. ಪತಿಯ ಕೈಗೆ ಒಪ್ಪಿದ ಕಾವು ಪತ್ನಿಗೂ ಒಪ್ಪುವುದೆಂದು ಭಾವಿಸಬಾರದು.

ಆಕಾರ: ಅಡ್ಡಲಾಗಿ ನೋಡಿದಾಗ ಮೊಟ್ಟೆಯಾಕಾರವಿರುವ ಕಾವು ಕೈಯಲ್ಲಿ ಹೊರಳುವುದಿಲ್ಲ. ಕುಡುಗೋಲಿನ ಹಿಡಿ ಅಲಗಿಗಿಂತ ತುಸು ಮೇಲಕ್ಕೆ ಬಾಗಿದ್ದರೆ ಬೆರಳ ಗೆಣ್ಣುಗಳು ನೆಲಕ್ಕೆ ಉಜ್ಜುವುದಿಲ್ಲ. ಮಣಿಕಟ್ಟು ನೇರವಾಗಿರುವಂತೆ ಹಿಡಿಯಲು ಸಾಧ್ಯವಾದ ಉಪಕರಣವೇ ಉತ್ತಮ.

ಆರೈಕೆ: ಸಿಬಿರೆದ್ದ ಕಾವನ್ನು ಮರಳು ಕಾಗದದಿಂದ ಉಜ್ಜಿ, ಅಗಸೆ ಎಣ್ಣೆ ಸವರಿ ಒಣಗಿಸಿರಿ. ಸಡಿಲವಾದ ಗುದ್ದಲಿಗೆ ಬೆಣೆ ಹೊಡೆಯಿಸಿರಿ. ಕಳಚಿ ಹಾರಿದ ಅಲಗು ಅಪಾಯಕಾರಿ. ಬಿರುಕು ಬಿಟ್ಟ ಕಾವಿಗೆ ದಾರ ಸುತ್ತದೆ ಹೊಸದನ್ನೇ ಹಾಕಿಸಿರಿ. ಮೊಂಡಾದ ಅಲಗು ಹೆಚ್ಚು ಬಲ ಬೇಡುವುದರಿಂದ ಆಗಾಗ ಹರಿತಗೊಳಿಸಿರಿ. ಗಾಯವಾದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ಮುಂದಿನ ಬಾರಿ ಬಡಗಿಯಲ್ಲಿಗೆ ಹೋಗುವಾಗ ದಂಪತಿಗಳಿಬ್ಬರೂ ಹೋಗಿ, ಅವರವರ ಕೈಯಳತೆಗೆ ಕಾವು ಮಾಡಿಸಿಕೊಳ್ಳಿರಿ. ಅದಕ್ಕೆ ತಗಲುವ ವೆಚ್ಚ ಅಲ್ಪ. ಸೊಂಟನೋವಿನಿಂದ ಮನೆಯಲ್ಲಿ ಮಲಗಿ ಕಳೆದುಕೊಳ್ಳುವ ಕೂಲಿ ಅದಕ್ಕಿಂತ ಹೆಚ್ಚು.